ತೆರಳುವ ಹಕ್ಕು: ವಿಕೇಂದ್ರಿತ ಸಾಮಾಜಿಕ ಜಾಲಗಳಲ್ಲಿ ದತ್ತಾಂಶದ ಒಡೆತನ

ಸಾಮಾಜಿಕ ಜಾಲತಾಣವೊಂದರಲ್ಲಿ ಒಬ್ಬ ವ್ಯಕ್ತಿ ಬರೆದ ಮಾತು, ಏರಿಸಿದ ಚಿತ್ರ, ಕೂಡಿಸಿಕೊಂಡ ಪರಿಚಿತರ ಪಟ್ಟಿ, ಇತರರ ಬರಹಕ್ಕೆ ಒತ್ತಿದ ಮೆಚ್ಚುಗೆ, ಯಾವ ಹೊತ್ತಿನಲ್ಲಿ ಯಾವ ಊರಿನಿಂದ ಎಷ್ಟು ಕಾಲ ಓದಿದನೆಂಬ ಜಾಡು, ಇವೆಲ್ಲವನ್ನೂ ಒಟ್ಟಾಗಿ ದತ್ತಾಂಶ ಎನ್ನಲಾಗುತ್ತದೆ. ಈ ದತ್ತಾಂಶದ ಒಡೆಯರು ಯಾರು ಎಂಬ ಪ್ರಶ್ನೆಗೆ ಜಾಲತಾಣ ನಡೆಸುವ ಕಂಪನಿಗಳು ತಮ್ಮ ಬಳಕೆಯ ಷರತ್ತುಗಳಲ್ಲಿ ಬಹುಕಾಲದಿಂದ ಒಂದೇ ಉತ್ತರ ಕೊಡುತ್ತ ಬಂದಿವೆ: ಬರಹದ ಹಕ್ಕು ಬರೆದವರದೇ. ಆದರೆ ಅದೇ ಷರತ್ತುಗಳ ಮುಂದಿನ ಸಾಲುಗಳಲ್ಲಿ, ಆ ಬರಹವನ್ನು ಜಗತ್ತಿನ ಯಾವ ಭಾಗದಲ್ಲಾದರೂ ಯಾವ ಸಂಭಾವನೆಯನ್ನೂ ಕೊಡದೆ ಬಳಸುವ, ನಕಲಿಸುವ, ಮಾರ್ಪಡಿಸುವ ಮತ್ತು ಮೂರನೆಯವರಿಗೂ ಬಳಸಲು ಬಿಡುವ ಪರವಾನಗಿಯನ್ನು ಬರೆದವರಿಂದಲೇ ಪಡೆದುಕೊಂಡಿರುತ್ತವೆ. ಟ್ವಿಟರ್ ಎಂಬ ಹೆಸರನ್ನು ಬಿಟ್ಟು ಎಕ್ಸ್ ಆದ ತಾಣವು 2024ರ ನವೆಂಬರ್ 15ರಿಂದ ಜಾರಿಗೆ ತಂದ ಷರತ್ತುಗಳಲ್ಲಿ, ಬಳಕೆದಾರರ ಬರಹವನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಉಪಯೋಗಿಸಬಹುದೆಂಬ ಮಾತೂ ಸೇರಿಕೊಂಡಿತು. ಹಕ್ಕು ಹೆಸರಿಗೆ ಬರೆದವರದಾಗಿದ್ದು, ಅದರ ಉಪಭೋಗವೆಲ್ಲ ಇನ್ನೊಬ್ಬರದಾಗಿರುವ ಸ್ಥಿತಿ ಇದು.

ಈ ಸ್ಥಿತಿಗೆ ಪರಿಹಾರವೆಂಬಂತೆ ಕಳೆದ ಕೆಲವು ವರ್ಷಗಳಲ್ಲಿ ಬೆಳೆದುಬಂದಿರುವುದೇ ವಿಕೇಂದ್ರಿತ ಸಾಮಾಜಿಕ ಜಾಲ. ಒಂದೇ ಕಂಪನಿಯ ಒಂದೇ ಉಗ್ರಾಣದಲ್ಲಿ ಎಲ್ಲರ ಬರಹವೂ ಕೂಡಿಡಲ್ಪಡುವ ಬದಲು, ಬೇರೆ ಬೇರೆ ಜನ ಮತ್ತು ಸಂಸ್ಥೆಗಳು ನಡೆಸುವ ನೂರಾರು ಸರ್ವರುಗಳಲ್ಲಿ ಅದು ಹಂಚಿಕೊಂಡಿದ್ದು, ಆ ಸರ್ವರುಗಳು ಎಲ್ಲರೂ ಒಪ್ಪಿದ ಒಂದು ತಾಂತ್ರಿಕ ಒಡಂಬಡಿಕೆಯ ಪ್ರಕಾರ ಪರಸ್ಪರ ಮಾತಾಡಿಕೊಳ್ಳುವ ವ್ಯವಸ್ಥೆಗೆ ಈ ಹೆಸರು. ಅಲ್ಲಿ ದತ್ತಾಂಶ ಬಳಕೆದಾರರ ಸ್ವಂತದ್ದು ಎಂಬ ಘೋಷಣೆ ಮೇಲಿಂದ ಮೇಲೆ ಕೇಳಿಬರುತ್ತದೆ. ಆ ಘೋಷಣೆ ಎಷ್ಟರಮಟ್ಟಿಗೆ ನಿಜ, ನಿಜವಾಗಬೇಕಾದರೆ ಕನ್ನಡ ಸಮಾಜ ಏನು ಮಾಡಬೇಕು ಎಂಬುದು ಈ ಉಪನ್ಯಾಸದ ವಿಷಯ. ಒಡೆತನವನ್ನು ಅಳೆಯಬೇಕಾದದ್ದು ಜಾಲವನ್ನು ಬಿಟ್ಟು ಹೊರಡುವ ಗಳಿಗೆಯಲ್ಲಿ: ಹೊರಡುವವರು ಜೊತೆಗೆ ಏನನ್ನು ಒಯ್ಯಬಲ್ಲರು, ಒಯ್ದದ್ದನ್ನು ಹೊಸ ಜಾಗದಲ್ಲಿ ಉಳಿದವರು ಅವರದೆಂದು ಗುರುತಿಸಬಲ್ಲರೇ ಎಂಬುದರ ಮೇಲೆ ಮಿಕ್ಕ ಎಲ್ಲ ಹಕ್ಕುಗಳೂ ನಿಂತಿವೆ ಎಂಬುದೇ ಇಲ್ಲಿಯ ಮುಖ್ಯ ವಾದ.

ಈ ವಾದಕ್ಕೆ ಆಧಾರವನ್ನು ಹೊರದೇಶಗಳಲ್ಲಿ ಹುಡುಕಬೇಕಾಗಿಲ್ಲ. ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಕಟ್ಟಿದ 'ಕೂ' ಎಂಬ ಜಾಲತಾಣ 2020ರಲ್ಲಿ ಮೊದಲು ಕನ್ನಡದಲ್ಲೇ ತೆರೆದುಕೊಂಡು, ಆಮೇಲೆ ಹಿಂದಿ ಮತ್ತಿತರ ಭಾರತೀಯ ಭಾಷೆಗಳಿಗೆ ಹಬ್ಬಿತು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಪ್ರಶಸ್ತಿ ಬಂತು; 2021ರಲ್ಲಿ ನೈಜೀರಿಯಾ ಸರ್ಕಾರ ಟ್ವಿಟರನ್ನು ನಿಷೇಧಿಸಿದಾಗ ಅಲ್ಲಿಯ ಅಧಿಕಾರಿಗಳೂ ಈ ತಾಣಕ್ಕೆ ಬಂದರು. ಒಂದು ಹಂತದಲ್ಲಿ ದಿನಕ್ಕೆ ಸುಮಾರು 21 ಲಕ್ಷ, ತಿಂಗಳಿಗೆ ಸುಮಾರು ಒಂದು ಕೋಟಿ ಸಕ್ರಿಯ ಬಳಕೆದಾರರಿದ್ದರೆಂದು ಸ್ಥಾಪಕರೇ ಹೇಳಿಕೊಂಡಿದ್ದಾರೆ. ದೊಡ್ಡ ಕಂಪನಿಗಳೊಡನೆ ನಡೆದ ವಿಲೀನದ ಮಾತುಕತೆಗಳು ಫಲಿಸದೆ 2024ರ ಜುಲೈನಲ್ಲಿ ಅವರು ತಾಣವನ್ನು ಮುಚ್ಚುವುದಾಗಿ ಪ್ರಕಟಿಸಿದರು.

ಬೆಂಗಳೂರಿನಲ್ಲೇ ಕಟ್ಟಿದ, ಕನ್ನಡದಲ್ಲೇ ಹುಟ್ಟಿದ ತಾಣವೆಂಬ ಅಭಿಮಾನ ಸಹಜವಾದದ್ದೇ. ಆದರೆ ಒಡೆತನದ ದೃಷ್ಟಿಯಿಂದ ನೋಡಿದರೆ, ಆ ತಾಣದ ರಚನೆ ಅದು ಎದುರಿಸಲು ಹೊರಟ ಟ್ವಿಟರಿನದೇ ಆಗಿತ್ತು. ಅಲ್ಲಿ ಪಡೆದ ಹೆಸರು ಆ ತಾಣದೊಳಗೆ ಮಾತ್ರ ಸಲ್ಲುತ್ತಿತ್ತು. ಅಲ್ಲಿ ಕೂಡಿದ ಓದುಗರ ಬಳಗವನ್ನು ಇನ್ನೊಂದು ತಾಣಕ್ಕೆ ಕರೆದೊಯ್ಯುವ ದಾರಿ ಆ ರಚನೆಯಲ್ಲೇ ಇರಲಿಲ್ಲ. ಬೇರೆಡೆ ಉಲ್ಲೇಖಿಸಿದ ಕೊಂಡಿಗಳು ತಾಣ ಮುಚ್ಚಿದೊಡನೆ ಅರ್ಥ ಕಳೆದುಕೊಂಡವು. ಅದಕ್ಕೂ ಹತ್ತು ವರ್ಷ ಹಿಂದೆ, 2014ರ ಸೆಪ್ಟೆಂಬರ್ 30ರಂದು ಗೂಗಲ್ ಸಂಸ್ಥೆ ಆರ್ಕುಟ್ ತಾಣವನ್ನು ಮುಚ್ಚಿದ ಮೇಲೆ, ಅಲ್ಲಿಯ ಕನ್ನಡ ಗುಂಪುಗಳ ಹರಟೆ, ಚರ್ಚೆ, ಜಗಳಗಳಿಗೂ ಕೊನೆಗೆ ಇದೇ ಗತಿಯಾಗಿತ್ತು. ಒಡೆಯ ಅಮೆರಿಕದವನೋ ಬೆಂಗಳೂರಿನವನೋ ಎಂಬುದರಿಂದ ಬಳಕೆದಾರನ ಸ್ಥಿತಿ ಬದಲಾಗದು ಎಂಬ ಪಾಠವನ್ನು ಈ ಎರಡು ಪ್ರಸಂಗಗಳೂ ಕಲಿಸುತ್ತವೆ. ದೇಶೀಯ ತಾಣವೊಂದಿದ್ದರೆ ದತ್ತಾಂಶ ನಮ್ಮದಾಗುತ್ತದೆಂಬ ಜನಪ್ರಿಯ ನಂಬಿಕೆಯನ್ನು ಇನ್ನಾದರೂ ಕೈಬಿಡಬೇಕಾಗಿದೆ.

ಗುರುತು, ದಾಖಲೆ, ಒಡೆತನ ಈ ಮೂರರ ನಡುವಿನ ಸಂಬಂಧವನ್ನು ಸಾತನೂರು ಹೋಬಳಿಯ ಭೂದಾಖಲೆಗಳ ಮೂಲಕ ನೋಡಿದರೆ ಮುಂದಿನ ತಾಂತ್ರಿಕ ಸಂಗತಿಗಳು ಸುಲಭವಾಗಿ ತಿಳಿಯುತ್ತವೆ. 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿದ್ದ ಕನಕಪುರ ತಾಲ್ಲೂಕಿನ ಈ ಹೋಬಳಿ ಆ ವರ್ಷ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ 2007ರಲ್ಲಿ ಹೊಸ ರಾಮನಗರ ಜಿಲ್ಲೆಗೂ ಸೇರಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಸಾತನೂರು ಎಂಬ ವಿಧಾನಸಭಾ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಇಲ್ಲವೇ ಆಯಿತು. ವಿಳಾಸದ ಸಾಲು ಇಷ್ಟು ಸಲ ಬದಲಾದರೂ ಆ ಕಾರಣಕ್ಕೆ ಯಾವ ಹೊಲದ ಸರ್ವೆ ನಂಬರೂ ಬದಲಾಗಲಿಲ್ಲ, ಯಾವ ಹಿಡುವಳಿದಾರನ ಹೆಸರೂ ಪಹಣಿಯಿಂದ ಬಿಟ್ಟುಹೋಗಲಿಲ್ಲ. ಪಹಣಿಯೇ ಒಡೆತನವಲ್ಲವೆಂಬುದನ್ನೂ ರೈತರು ಬಲ್ಲರು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದ ಪ್ರಕಾರ, ಬೇರೆಯದು ರುಜುವಾತಾಗುವ ತನಕ ಅದರಲ್ಲಿಯ ನಮೂದು ಸತ್ಯವೆಂದು ಭಾವಿಸಲ್ಪಡುತ್ತದೆ, ಅಷ್ಟೆ. ಭೂಮಿ ಯೋಜನೆಯಲ್ಲಿ ಈ ದಾಖಲೆಗಳು ಗಣಕೀಕೃತವಾದ ಮೇಲೆ ಹಣ ಕಟ್ಟಿ ಪ್ರತಿ ಪಡೆಯುವುದು ಸುಲಭವಾಯಿತು. ಹಾಗೆ ನೋಡಿದರೆ ಇಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ: ಬದಲಾಗಬಹುದಾದ ವಿಳಾಸ, ಬದಲಾಗದ ಸಂಖ್ಯೆ, ಆ ಸಂಖ್ಯೆಗೆ ಯಾರ ಹೆಸರು ಅಂಟಿದೆಯೆಂದು ಹೇಳುವ ದಾಖಲೆ, ಮತ್ತು ಆ ದಾಖಲೆಯನ್ನು ಕಾಯುವ ಕಚೇರಿ. ಕೇಂದ್ರೀಕೃತ ಜಾಲತಾಣಗಳಲ್ಲಿ ಈ ನಾಲ್ಕೂ ಒಂದೇ ಕಂಪನಿಯ ಕೈಯಲ್ಲಿರುತ್ತವೆ. ವಿಕೇಂದ್ರಿತ ಜಾಲಗಳು ಅವನ್ನು ಬಿಡಿಸಿ ಬೇರೆ ಬೇರೆ ಕೈಗಳಿಗೆ ಕೊಡುವ ಪ್ರಯತ್ನ. ಯಾವುದನ್ನು ಎಷ್ಟು ಬಿಡಿಸಿದೆ ಎಂಬುದರಲ್ಲಿ ಒಂದು ಜಾಲಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿದೆ.

ಇಂಥ ಬಿಡಿಸುವಿಕೆ ಅಸಾಧ್ಯವೆಂದು ಹೇಳುವವರಿಗೆ ಭಾರತದ ದೂರವಾಣಿ ಕ್ಷೇತ್ರವೇ ಉತ್ತರ ಕೊಡುತ್ತದೆ. 2011ರ ಜನವರಿ 20ರಿಂದ ದೇಶದಾದ್ಯಂತ ಜಾರಿಗೆ ಬಂದ ನಿಯಮದ ಪ್ರಕಾರ ಮೊಬೈಲ್ ಬಳಕೆದಾರರು ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸಬಹುದು. ಯಾವ ಕಂಪನಿಯ ಸಿಮ್ ಇದ್ದರೂ ಇನ್ನಾವ ಕಂಪನಿಯ ಸಿಮ್ಮಿಗೂ ಕರೆ ಹೋಗುತ್ತದೆ. ಇಮೇಲ್ ಕೂಡ ಹೀಗೆಯೇ ಸರ್ವರಿನಿಂದ ಸರ್ವರಿಗೆ ದಾಟುತ್ತದೆ. ಸಾಮಾಜಿಕ ಜಾಲತಾಣಗಳು ಮಾತ್ರ ಈ ನಿಯಮದಿಂದ ಹೊರಗುಳಿದು ಬೆಳೆದದ್ದಕ್ಕೆ ತಾಂತ್ರಿಕ ಕಾರಣವೇನೂ ಇಲ್ಲ. ಬಿಟ್ಟು ಹೋಗುವುದು ಕಷ್ಟವಾದಷ್ಟೂ ಜಾಹೀರಾತಿನ ಆದಾಯ ಭದ್ರವಾಗುತ್ತದೆಂಬ ವ್ಯಾಪಾರದ ಲೆಕ್ಕವೇ ಕಾರಣ.

ವಿಕೇಂದ್ರಿತ ಜಾಲಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಜರ್ಮನಿಯ ಯೂಜೆನ್ ರೋಚ್ಕೋ 2016ರಲ್ಲಿ ಆರಂಭಿಸಿದ ಮಾಸ್ಟೊಡಾನ್. ಅದರ ಸರ್ವರುಗಳು ಪರಸ್ಪರ ಮಾತಾಡಲು ಬಳಸುವ ಆ್ಯಕ್ಟಿವಿಟಿಪಬ್ ಎಂಬ ಒಡಂಬಡಿಕೆಗೆ 2018ರ ಜನವರಿಯಲ್ಲಿ ವಿಶ್ವವ್ಯಾಪಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾನ್ಯತೆ ದೊರೆಯಿತು. ಇಲ್ಲಿ ಪ್ರತಿಯೊಬ್ಬರ ವಿಳಾಸದಲ್ಲಿ ಎರಡು ಭಾಗಗಳಿರುತ್ತವೆ, ಮೊದಲನೆಯದು ವ್ಯಕ್ತಿಯ ಹೆಸರು, ಎರಡನೆಯದು ಅವರ ಖಾತೆಯಿರುವ ಸರ್ವರಿನ ಹೆಸರು. ಒಂದು ಸರ್ವರಿನಲ್ಲಿ ಇರುವವರು ಇನ್ನೊಂದರಲ್ಲಿ ಇರುವವರನ್ನು ಓದಬಹುದು, ಹಿಂಬಾಲಿಸಬಹುದು, ಅವರಿಗೆ ಉತ್ತರಿಸಬಹುದು. ಭಾರತದಲ್ಲಿ ಈ ಜಾಲದ ಹೆಸರು ದೊಡ್ಡ ಪ್ರಮಾಣದಲ್ಲಿ ಕೇಳಿಬಂದದ್ದು 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ ಹೆಗ್ಡೆಯವರು ತಮ್ಮ ಟ್ವಿಟರ್ ಖಾತೆಯಲ್ಲಿ, 1936ರ ಹ್ಯಾಂಬರ್ಗಿನಲ್ಲಿ ನಾಜಿ ವಂದನೆ ಮಾಡದೆ ಕೈಕಟ್ಟಿ ನಿಂತ ಅಗಸ್ಟ್ ಲಾಂಡ್‌ಮೆಸರ್‌ನದೆಂದು ಹೇಳಲಾಗುವ ಪ್ರಸಿದ್ಧ ಚಿತ್ರವನ್ನು ಹಾಕಿಕೊಂಡಿದ್ದರು. ಆ ಖಾತೆ ಮೊದಲು ಆ ಚಿತ್ರದ ಕಾರಣಕ್ಕೆ, ಮತ್ತೆ ಹಿಂದೆಂದೋ ಹಂಚಿಕೊಂಡಿದ್ದ ಒಂದು ಕವಿತೆಯ ಕಾರಣಕ್ಕೆ ಅಮಾನತಾಯಿತು. ಅವರು ದೆಹಲಿ ಹೈಕೋರ್ಟಿನ ಮೊರೆ ಹೋದರು. ಆ ಅಮಾನತನ್ನು ಪ್ರತಿಭಟಿಸಿ ಅನೇಕ ಭಾರತೀಯರು ಮಾಸ್ಟೊಡಾನ್ ಸೇರಿದರು. ನ್ಯಾಯಾಲಯಗಳಲ್ಲಿ ವಾದಿಸುವುದನ್ನೇ ವೃತ್ತಿಯಾಗಿಸಿಕೊಂಡ ವ್ಯಕ್ತಿಗೂ ತನ್ನ ಬರಹವಿದ್ದ ಖಾತೆಯ ಮೇಲೆ ಸುಲಭದ ಅಧಿಕಾರವಿಲ್ಲವೆಂದು ಆ ಪ್ರಸಂಗ ತೋರಿಸಿಕೊಟ್ಟಿತು.

ಕರ್ನಾಟಕ ಹೈಕೋರ್ಟಿನಲ್ಲಿ ನಡೆದ ಇನ್ನೊಂದು ಮೊಕದ್ದಮೆ ಈ ಮಾತನ್ನು ಬೇರೊಂದು ಕಡೆಯಿಂದ ಸ್ಪಷ್ಟಪಡಿಸುತ್ತದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮದ 69ಎ ಪ್ರಕರಣದಡಿ ಕೇಂದ್ರ ಸರ್ಕಾರ ಹೊರಡಿಸಿದ ತಡೆ ಆದೇಶಗಳನ್ನು, ಅವುಗಳಲ್ಲಿ 39 ಕೊಂಡಿಗಳಿಗೆ ಸಂಬಂಧಿಸಿದವನ್ನು, ಟ್ವಿಟರ್ ಕಂಪನಿ 2022ರ ಜುಲೈನಲ್ಲಿ ಪ್ರಶ್ನಿಸಿತು. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು 2023ರ ಜೂನ್ 30ರಂದು ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಖಾತೆದಾರರಿಗೆ ನೋಟಿಸ್ ಕೊಡಬೇಕಿತ್ತೇ ಎಂಬುದು ಆ ಮೊಕದ್ದಮೆಯ ಪ್ರಮುಖ ವಾದಗಳಲ್ಲಿ ಒಂದಾಗಿತ್ತು. ತೀರ್ಪಿನ ಸರಿತಪ್ಪು ಇಲ್ಲಿಯ ಚರ್ಚೆಯಲ್ಲ. ಗಮನಿಸಬೇಕಾದದ್ದು, ಬರೆದವರ ಬರಹ ಉಳಿಯಬೇಕೇ ಅಳಿಯಬೇಕೇ ಎಂಬ ವ್ಯಾಜ್ಯ ಕಂಪನಿಗೂ ಸರ್ಕಾರಕ್ಕೂ ನಡುವೆ ನಡೆದು, ಬರೆದವರು ಅದರ ಹೊರಗೇ ನಿಂತಿದ್ದರೆಂಬುದು.

ಇನ್ನು ಮಾಸ್ಟೊಡಾನಿನಲ್ಲಿ ದತ್ತಾಂಶ ನಿಜಕ್ಕೂ ಬಳಕೆದಾರರದೇ? ಇದಕ್ಕೆ ಹೌದು ಎಂದು ಒಂದೇ ಮಾತಿನಲ್ಲಿ ಉತ್ತರಿಸುವವರು ಅದರ ರಚನೆಯನ್ನು ಸರಿಯಾಗಿ ನೋಡಿಲ್ಲ. ಒಂದು ಸರ್ವರನ್ನು ಬಿಟ್ಟು ಇನ್ನೊಂದಕ್ಕೆ ಹೋಗುವವರು ಹಿಂಬಾಲಕರ ಬಳಗವನ್ನು ಜೊತೆಗೆ ಒಯ್ಯಬಹುದು, ಮತ್ತು ಇದು ಸಣ್ಣ ಸಾಧನೆಯಲ್ಲ. ಆದರೆ ಹಳೆಯ ಬರಹಗಳು ಹಳೆಯ ಸರ್ವರಿನಲ್ಲೇ ಉಳಿಯುತ್ತವೆ. ಅವುಗಳ ಪ್ರತಿಯನ್ನು ಕಡತವಾಗಿ ಇಳಿಸಿಕೊಳ್ಳಬಹುದಾದರೂ ಹೊಸ ಸರ್ವರಿನಲ್ಲಿ ಅವು ಮತ್ತೆ ಪ್ರಕಟಿತ ಬರಹಗಳಾಗಿ ಕೂರುವುದಿಲ್ಲ. ಸಾತನೂರಿನ ರೇಷ್ಮೆ ಬೆಳೆಗಾರರೊಬ್ಬರು ಚಾಕಿ ಎಂಬ ಎಳೆಹುಳುಗಳ ಸಾಕಣೆ, ಹಿಪ್ಪುನೇರಳೆಯ ರೋಗ, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ದರ ಇವುಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆಂದು ಭಾವಿಸಿದರೆ, ಸರ್ವರು ಬದಲಿಸಿದ ದಿನ ಓದುಗರು ಅವರ ಹಿಂದೆ ಬರುತ್ತಾರೆ, ಬರೆದ ಅನುಭವ ಮಾತ್ರ ಹಿಂದುಳಿಯುತ್ತದೆ. ಮುಂದೆ ಹಳೆಯ ಸರ್ವರೂ ಮುಚ್ಚಿದರೆ ಇಳಿಸಿಟ್ಟುಕೊಂಡ ಕಡತವೊಂದೇ ಗತಿ.

ಸರ್ವರುಗಳು ಮುಚ್ಚುತ್ತವೆ ಎಂಬುದು ಬರಿಯ ಊಹೆಯಲ್ಲ. ಸಾವಿರಾರು ಬಳಕೆದಾರರಿದ್ದ ಮಾಸ್ಟೊಡಾನ್ ಡಾಟ್ ಲಾಲ್ ಎಂಬ ಸರ್ವರನ್ನು ಅದರ ನಿರ್ವಾಹಕರು 2023ರಲ್ಲಿ ನಿಲ್ಲಿಸಿದರು. ಅಫ್ಘಾನಿಸ್ತಾನದ ರಾಷ್ಟ್ರಸೂಚಿ ಅಕ್ಷರಗಳನ್ನು ವಿಳಾಸದಲ್ಲಿ ಬಳಸಿದ್ದ ಸರ್ವರೊಂದು 2024ರ ಫೆಬ್ರವರಿಯಲ್ಲಿ, ಆ ಅಕ್ಷರಗಳ ಮೇಲೆ ಅಧಿಕಾರವಿದ್ದ ತಾಲಿಬಾನ್ ಆಡಳಿತದ ನಿರ್ಧಾರದಿಂದ ವಿಳಾಸವನ್ನೇ ಕಳೆದುಕೊಂಡಿತು. ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಕೊಲೆಕ್ಟಿವಾ ಎಂಬ ಸರ್ವರಿನ ನಿರ್ವಾಹಕರೊಬ್ಬರ ಮನೆಯನ್ನು ಬೇರೊಂದು ಕಾರಣಕ್ಕೆ ಶೋಧಿಸಿದ ಎಫ್‌ಬಿಐ ವಶಪಡಿಸಿಕೊಂಡ ಸಾಮಗ್ರಿಯಲ್ಲಿ, ಗೂಢಲಿಪಿಯ ರಕ್ಷಣೆಯಿಲ್ಲದ ದತ್ತಾಂಶದ ಪ್ರತಿಯೂ ಇತ್ತು. ಮಾಸ್ಟೊಡಾನಿನ ಖಾಸಗಿ ಸಂದೇಶಗಳು ಕಳಿಸಿದವರಿಗೂ ಪಡೆದವರಿಗೂ ಮಾತ್ರ ತೆರೆಯುವಂಥ ಗೂಢಲಿಪಿಯಲ್ಲಿ ಇರುವುದಿಲ್ಲವಾದ್ದರಿಂದ, ಸರ್ವರಿನ ನಿರ್ವಾಹಕರು ಬಯಸಿದರೆ ಅವನ್ನು ಓದಬಲ್ಲರು. ಎಂದರೆ ಇಲ್ಲಿ ಒಡೆತನ ಒಂದು ದೊಡ್ಡ ಕಂಪನಿಯಿಂದ ಅನೇಕ ಸಣ್ಣ ನಿರ್ವಾಹಕರಿಗೆ ಹಂಚಿಹೋಗಿದೆಯೇ ಹೊರತು ಪೂರ್ತಿಯಾಗಿ ಬಳಕೆದಾರರ ಕೈಗೆ ಬಂದಿಲ್ಲ. ಆದರೂ ಯಾವ ನಿರ್ವಾಹಕರನ್ನು ನಂಬಬೇಕೆಂಬ ಆಯ್ಕೆ ಬಳಕೆದಾರರಿಗೆ ದಕ್ಕಿದೆ, ಮತ್ತು ಆ ಆಯ್ಕೆಯನ್ನು ಬದಲಿಸಿದರೆ ಬಳಗ ಕೈತಪ್ಪುವುದಿಲ್ಲ. ಇದರ ಬೆಲೆಯನ್ನು ಕಡಿಮೆ ಎಣಿಸುವಂತಿಲ್ಲ.

ಟ್ವಿಟರಿನ ಅಂದಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ 2019ರ ಡಿಸೆಂಬರಿನಲ್ಲಿ ಪ್ರಕಟಿಸಿದ, ಆಮೇಲೆ ಪ್ರತ್ಯೇಕ ಕಂಪನಿಯಾದ, 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದುಕೊಂಡ ಬ್ಲೂಸ್ಕೈ ಜಾಲ ಈ ಕೊರತೆಯನ್ನು ಬೇರೊಂದು ಬಗೆಯಲ್ಲಿ ನೀಗಲು ಹೊರಟಿದೆ. ಅದರ ಒಡಂಬಡಿಕೆಯಲ್ಲಿ ಪ್ರತಿಯೊಬ್ಬರಿಗೂ ಎಂದಿಗೂ ಬದಲಾಗದ ಒಂದು ಗುರುತು ಸಂಖ್ಯೆಯಿದ್ದು, ಕಾಣುವ ಹೆಸರು ಅದಕ್ಕೆ ಅಂಟಿಸಿದ ಚೀಟಿ ಮಾತ್ರ. ಹೆಸರನ್ನು ಬದಲಿಸಿದರೂ ಸರ್ವರನ್ನು ಬದಲಿಸಿದರೂ ಸಂಖ್ಯೆ ಹಾಗೇ ಉಳಿಯುತ್ತದೆ. ಸರ್ವೆ ನಂಬರಿಗೂ ಜಿಲ್ಲೆಯ ಹೆಸರಿಗೂ ಇರುವ ವ್ಯತ್ಯಾಸವೇ ಇದು. ವ್ಯಕ್ತಿಯ ಎಲ್ಲ ಬರಹಗಳೂ ಡಿಜಿಟಲ್ ಸಹಿಯೊಡನೆ ಒಂದು ಕೋಶದಲ್ಲಿ ಇರುತ್ತವೆ. ಡಿಜಿಟಲ್ ಸಹಿ ಎಂದರೆ ಬರಹ ಇಂಥ ಖಾತೆಯದೇ, ನಡುವೆ ಯಾರೂ ತಿದ್ದಿಲ್ಲ ಎಂದು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾದ ಗಣಿತದ ಮುದ್ರೆ. ಆ ಕೋಶದ ಪ್ರತಿಯೊಂದು ಮತ್ತು ಗುರುತಿನ ಮೇಲೆ ಅಧಿಕಾರ ಕೊಡುವ ಕೀಲಿ ಕೈಯಲ್ಲಿದ್ದರೆ, ಹಳೆಯ ಸರ್ವರು ಸಹಕರಿಸದಿದ್ದರೂ, ಅದು ಮುಚ್ಚಿಯೇ ಹೋಗಿದ್ದರೂ, ಹೊಸ ಸರ್ವರಿಗೆ ಬರಹ, ಬಳಗ ಎರಡನ್ನೂ ಒಯ್ಯಬಹುದು. ರೇಷ್ಮೆ ಬೆಳೆಗಾರರ ಅನುಭವ ಹಿಂದುಳಿಯುವುದಿಲ್ಲ. ಒಡೆತನದ ವಿನ್ಯಾಸವಾಗಿ ಇದು ಮಾಸ್ಟೊಡಾನಿಗಿಂತ ಒಂದು ಹೆಜ್ಜೆ ಮುಂದಿದೆಯೆಂದು ಒಪ್ಪಲೇಬೇಕು.

ಆದರೆ ವಿನ್ಯಾಸ ಮುಂದಿದ್ದರೂ ನಡವಳಿಕೆ ಹಿಂದಿದೆ. ಬಹುಪಾಲು ಬಳಕೆದಾರರ ಕೋಶಗಳು ಬ್ಲೂಸ್ಕೈ ಕಂಪನಿಯ ಸರ್ವರುಗಳಲ್ಲೇ ಇವೆ. ಅವರ ಕೀಲಿಗಳನ್ನು ಅವರ ಪರವಾಗಿ ಕಂಪನಿಯೇ ಇಟ್ಟುಕೊಂಡಿದೆ. ಗುರುತು ಸಂಖ್ಯೆಗಳ ಮುಖ್ಯ ದಾಖಲೆ ಪುಸ್ತಕವನ್ನು ಬರೆದಿಡುತ್ತ ಬಂದಿರುವುದೂ ಆ ಕಂಪನಿಯೇ. ಹೊರಡುವ ದಾರಿ ತೆರೆದಿದ್ದರೂ ನಡೆದು ನೋಡಿದವರು ಕಡಿಮೆ. ಕೀಲಿಯನ್ನು ಪೂರ್ತಿಯಾಗಿ ಬಳಕೆದಾರರ ಕೈಗೇ ಕೊಟ್ಟ ನಾಸ್ಟರ್ ಎಂಬ ಮತ್ತೊಂದು ಜಾಲವೂ ಇದೆ. ಅಲ್ಲಿ ಕೀಲಿಯೇ ವ್ಯಕ್ತಿ, ಕೀಲಿ ಕಳೆದರೆ ಗುರುತೂ ಕಳೆಯಿತು, ಕಳುವಾದರೆ ಕದ್ದವನೇ ಆ ವ್ಯಕ್ತಿಯಾಗಿಬಿಡುತ್ತಾನೆ, ಮೊರೆಯಿಡಲು ಕಚೇರಿಯೇ ಇಲ್ಲ. ಫೋನು ಹಾಳಾದರೆ, ಪಾಸ್‌ವರ್ಡ್ ಮರೆತರೆ ಪರದಾಡುವ ಸಾಮಾನ್ಯ ಜನರಿಗೆ ಇಷ್ಟು ಸಂಪೂರ್ಣವಾದ ಒಡೆತನ ಭಾರವಾಗುತ್ತದೆ.

ಕೋಶವನ್ನು ಒಯ್ದರೆ ಸಾಲದು, ಒಯ್ದದ್ದನ್ನು ಮುಂದೆ ಓದಲೂ ಆಗಬೇಕೆಂಬುದನ್ನು ಕನ್ನಡಿಗರು ಬೇರೆಯವರಿಗಿಂತ ಚೆನ್ನಾಗಿ ಅರಿತಿರಬೇಕು. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನವಿದ್ದರೂ, ಮುಂದೆ ಬಹಳ ಕಾಲ ಕಚೇರಿಗಳ, ಮುದ್ರಣಾಲಯಗಳ, ಲೇಖಕರ ಕಡತಗಳು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ತಮ್ಮದೇ ಸಂಕೇತಗಳಲ್ಲಿ ಸಿದ್ಧವಾದವು. ಆ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೂ ಆ ಕಡತ ಲೇಖಕರ ಸ್ವಂತ ಕಂಪ್ಯೂಟರಿನಲ್ಲೇ ಇದ್ದರೂ, ಅದಕ್ಕೆ ತಕ್ಕ ಫಾಂಟ್ ಇಲ್ಲದೆಡೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಅವನ್ನು ಯೂನಿಕೋಡಿಗೆ ತರಲು ಪರಿವರ್ತಕಗಳನ್ನು ಸ್ವಯಂಸೇವಕರೂ ಬರೆಯಬೇಕಾಯಿತು. ಕೈಯಲ್ಲಿದ್ದೂ ಓದಲಾಗದ ಕಡತ ಒಡೆಯರಿಗೆ ಅರ್ಧ ಮಾತ್ರ ದಕ್ಕಿದಂತೆ. ತಾಣವೊಂದು ನಿಮ್ಮ ದತ್ತಾಂಶ ಇಳಿಸಿಕೊಳ್ಳಿ ಎಂದು ಕೊಡುವ ಕಡತವನ್ನು ಇನ್ನಾವ ತಾಣವೂ ತೆರೆಯಲಾರದಿದ್ದರೆ ಅದೂ ಇದೇ ಬಗೆಯದು. ಎಲ್ಲರೂ ಓದಬಹುದಾದ ಮುಕ್ತ ರೂಪ, ಎಲ್ಲರೂ ಬಳಸಬಹುದಾದ ಮುಕ್ತ ಒಡಂಬಡಿಕೆ ಇವು ಒಡೆತನಕ್ಕೆ ಅಲಂಕಾರಗಳಲ್ಲ, ಅದರ ಅಂಗಗಳು.

ಒಯ್ಯುವುದರ ಜೊತೆಗೆ ಅಳಿಸುವುದೂ ಒಡೆತನದ ಭಾಗವೆಂದು ಸಾಮಾನ್ಯ ತಿಳಿವಳಿಕೆ. ವಿಕೇಂದ್ರಿತ ಜಾಲಗಳು ಅತ್ಯಂತ ದುರ್ಬಲವಾಗಿರುವುದು ಇಲ್ಲಿಯೇ, ಮತ್ತು ಅವುಗಳ ಪ್ರಚಾರಕರು ಹೆಚ್ಚಾಗಿ ಹೇಳದೆ ಬಿಡುವುದೂ ಇದನ್ನೇ. ಮಾಸ್ಟೊಡಾನಿನಲ್ಲಿ ಒಂದು ಬರಹ ಪ್ರಕಟವಾದೊಡನೆ ಹಿಂಬಾಲಕರಿರುವ ಎಲ್ಲ ಸರ್ವರುಗಳಿಗೂ ಅದರ ಪ್ರತಿ ಹೋಗುತ್ತದೆ. ಬರೆದವರು ಅಳಿಸಿದಾಗ ಆ ಸರ್ವರುಗಳಿಗೆ ಅಳಿಸುವ ಕೋರಿಕೆಯೂ ಹೋಗುತ್ತದೆ, ಆದರೆ ಅದು ಕೋರಿಕೆ ಮಾತ್ರ, ಪಾಲಿಸುವಂತೆ ಮಾಡುವ ಬಲ ಯಾರಿಗೂ ಇಲ್ಲ. ಬ್ಲೂಸ್ಕೈಯಲ್ಲಿ ಎಲ್ಲರ ಬಹಿರಂಗ ಬರಹವೂ ಯಾರು ಬೇಕಾದರೂ ತುಂಬಿಕೊಳ್ಳಬಹುದಾದ ಪ್ರವಾಹವಾಗಿ ಹರಿಯುತ್ತದೆ. 2024ರ ನವೆಂಬರಿನಲ್ಲಿ ಹತ್ತು ಲಕ್ಷ ಬರಹಗಳ ಸಂಗ್ರಹವೊಂದನ್ನು ಯಂತ್ರಕಲಿಕೆಯ ಸಂಶೋಧನೆಗೆಂದು ಪ್ರಕಟಿಸಿ, ಬಳಕೆದಾರರ ಆಕ್ಷೇಪದ ಮೇಲೆ ಹಿಂತೆಗೆದುಕೊಳ್ಳಲಾಯಿತು. ಗೋಡೆಗಳಿಲ್ಲದ ಕಡೆ ಒಳಗಿನವರು ಹೊರಗೆ ಹೋಗುವುದೂ ಸುಲಭ, ಹೊರಗಿನವರು ಒಳಗೆ ಬರುವುದೂ ಸುಲಭ. ತೆರಳುವ ಹಕ್ಕು ಬಲವಾದಷ್ಟೂ ಮರೆಯಾಗುವ ಹಕ್ಕು ಸಡಿಲವಾಗುತ್ತದೆ. ಎರಡೂ ಪೂರ್ತಿಯಾಗಿ ಒಂದೇ ಕಡೆ ಸಿಗುವ ಜಾಲ ಈವರೆಗೆ ಹುಟ್ಟಿಲ್ಲವಾದ್ದರಿಂದ, ಬಹಿರಂಗವಾಗಿ ಹೇಳಬೇಕಾದದ್ದಕ್ಕೆ ಮಾತ್ರ ಇವನ್ನು ಬಳಸಿ, ಮನೆಯ ಮಾತನ್ನು ಗೂಢಲಿಪಿಯ ರಕ್ಷಣೆಯಿರುವ ಸಂದೇಶ ಸೇವೆಗಳಿಗೆ ಬಿಡುವುದೇ ವಿವೇಕ.

ಕಾನೂನು ಈ ಕೊರತೆಯನ್ನು ತುಂಬುತ್ತದೆಯೇ? ಆಧಾರ್ ಯೋಜನೆಯ ವಿರುದ್ಧ 2012ರಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಹೆಸರಿನಲ್ಲೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಅಡಕವಾಗಿದೆಯೆಂದು ಒಮ್ಮತದಿಂದ ತೀರ್ಮಾನಿಸಿತು. ಗಮನಿಸತಕ್ಕದ್ದೆಂದರೆ ಆ ತೀರ್ಪು ಖಾಸಗಿತನವನ್ನು ಆಸ್ತಿಯಾಗಿ ಕಾಣದೆ ಮನುಷ್ಯನ ಘನತೆಯ ಅಂಗವಾಗಿ ಕಂಡಿತು. ಆಸ್ತಿಯನ್ನು ಮಾರಿ ಕೈತೊಳೆದುಕೊಳ್ಳಬಹುದು, ಘನತೆಯನ್ನು ಹಾಗೆ ಮಾರಲಾಗದು. ದತ್ತಾಂಶದ ಒಡೆತನವೆಂಬ ಮಾತನ್ನು ಮಾರಾಟದ ಹಕ್ಕೆಂದು ಅರ್ಥಮಾಡಿಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಆ ತೀರ್ಪಿನ ಬೆನ್ನಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಸಿದ್ಧಪಡಿಸಿದ ಕರಡು ಮಸೂದೆಯಲ್ಲಿ, ದತ್ತಾಂಶವನ್ನು ಒಂದು ಸೇವೆಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕಿತ್ತು. ಯುರೋಪಿನಲ್ಲಿ ಅದೇ ವರ್ಷ ಮೇ 25ರಿಂದ ಜಾರಿಗೆ ಬಂದ ನಿಯಮಾವಳಿಯ 20ನೆಯ ವಿಧಿಯೂ ಆ ಹಕ್ಕನ್ನು ಕೊಟ್ಟಿದೆ. ಆದರೆ 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ದತ್ತಾಂಶದ ವಿವರ ತಿಳಿಯುವ, ತಿದ್ದಿಸುವ, ಅಳಿಸುವ, ದೂರು ಕೊಡುವ, ಮರಣಾನಂತರಕ್ಕೆ ನಾಮನಿರ್ದೇಶನ ಮಾಡುವ ಹಕ್ಕುಗಳಿವೆ, ಒಯ್ಯುವ ಹಕ್ಕು ಇಲ್ಲ. ಇನ್ನೂ ಮುಖ್ಯವಾಗಿ, ವ್ಯಕ್ತಿ ತಾನಾಗಿ ಬಹಿರಂಗಪಡಿಸಿದ ದತ್ತಾಂಶಕ್ಕೆ ಈ ಅಧಿನಿಯಮವೇ ಅನ್ವಯಿಸದೆಂದು ಅದರ 3ನೆಯ ಪ್ರಕರಣ ಹೇಳುತ್ತದೆ. ವಿಕೇಂದ್ರಿತ ಜಾಲಗಳಲ್ಲಿಯ ಬರಹ ಬಹುಪಾಲು ಬಹಿರಂಗವೇ ಆದ್ದರಿಂದ, ಒಡೆತನದ ಮಾತು ಎಲ್ಲಿ ಗಟ್ಟಿಯಾಗಿ ಕೇಳುತ್ತಿದೆಯೋ ಅಲ್ಲಿಯೇ ಕಾನೂನು ಹಿಂದೆ ಸರಿದಿದೆ. ಒಯ್ಯುವ ಹಕ್ಕನ್ನು ಬಿಟ್ಟದ್ದು ಈ ಅಧಿನಿಯಮದ ದೊಡ್ಡ ಲೋಪ. ಮೊಬೈಲ್ ಸಂಖ್ಯೆಗೆ ಕೊಟ್ಟ ಹಕ್ಕನ್ನು ಮಾತಿಗೂ ಬಳಗಕ್ಕೂ ಕೊಡಲು ಸಂಸತ್ತು ಹಿಂಜರಿಯಬೇಕಾಗಿರಲಿಲ್ಲ.

ಒಡೆತನದ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯುವ ಇನ್ನೊಂದು ಸಂಗತಿಯಿದೆ. ರೇಷ್ಮೆ ಬೆಳೆಗಾರರ ಬರಹಕ್ಕೆ ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರ್ ಉತ್ತರಿಸಿ, ಇನ್ನೊಬ್ಬ ಬೆಳೆಗಾರ ಅದನ್ನು ತಿದ್ದಿ, ಮತ್ತೊಬ್ಬರು ತಮ್ಮ ಮನೆಯಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಯ ಚಿತ್ರ ಸೇರಿಸಿದಾಗ ಆ ಮಾತುಕತೆ ಯಾರದು? ಬರಹವನ್ನು ಒಯ್ಯುವವರು ಉತ್ತರಗಳನ್ನು ಒಯ್ಯಲಾರರು, ಒಯ್ಯಲೂಬಾರದು, ಏಕೆಂದರೆ ಅವು ಇನ್ನೊಬ್ಬರ ಕೋಶಕ್ಕೆ ಸೇರಿದವು. ಒಬ್ಬರು ತಮ್ಮ ಮಾತನ್ನು ಅಳಿಸಿದರೆ ಮಿಕ್ಕವರ ಮಾತು ತಲೆಬುಡವಿಲ್ಲದಂತಾಗುತ್ತದೆ. ಸಂಬಂಧಗಳಿಂದ ಹುಟ್ಟಿದ ದತ್ತಾಂಶವನ್ನು ವ್ಯಕ್ತಿಗಳ ನಡುವೆ ಪಾಲು ಮಾಡಲಾಗದ್ದರಿಂದ, ಅದನ್ನು ಕಾಯುವ ಹೊಣೆಯೂ ವ್ಯಕ್ತಿಯೊಬ್ಬನ ಮೇಲೆ ಮಾತ್ರ ಬೀಳುವಂತಿಲ್ಲ. ಎಲ್ಲರೂ ಸ್ವಂತ ಸರ್ವರು ಇಟ್ಟುಕೊಂಡರೆ ಸಮಸ್ಯೆ ತೀರುತ್ತದೆಂಬ ತಂತ್ರಜ್ಞರ ಉತ್ತರ ಇಲ್ಲಿ ಸಾಲದು. ಊರಿನ, ಭಾಷೆಯ, ಕಸುಬಿನ ಸಮುದಾಯಗಳು ಕೂಡಿ ನಡೆಸುವ ಸರ್ವರುಗಳು ಬೇಕು.

ಸಾರ್ವಜನಿಕ ಸಂಸ್ಥೆಗಳು ಈ ಹೊಣೆ ಹೊತ್ತ ಉದಾಹರಣೆಗಳಿವೆ. ಜರ್ಮನಿಯ ಒಕ್ಕೂಟ ಸರ್ಕಾರದ ಸಂಸ್ಥೆಗಳಿಗೂ ನೆದರ್‌ಲ್ಯಾಂಡ್ಸ್ ಸರ್ಕಾರಕ್ಕೂ ತಮ್ಮದೇ ಮಾಸ್ಟೊಡಾನ್ ಸರ್ವರುಗಳಿವೆ. ಯುರೋಪಿಯನ್ ಒಕ್ಕೂಟದ ಸಂಸ್ಥೆಗಳಿಗಾಗಿ 2022ರ ಏಪ್ರಿಲಿನಲ್ಲಿ ಪ್ರಯೋಗವಾಗಿ ತೆರೆದ ಸರ್ವರು ಮಾತ್ರ, ಮುಂದೆ ನಡೆಸಿಕೊಂಡು ಹೋಗುವ ಸಂಸ್ಥೆ ಸಿಗದೆ 2024ರ ಮೇ ತಿಂಗಳಲ್ಲಿ ಮುಚ್ಚಿತು. ಅಲ್ಲಿ ಕೊರತೆಯಾದದ್ದು ತಂತ್ರಜ್ಞಾನವಲ್ಲ, ಪ್ರಯೋಗ ಮುಗಿದ ಮೇಲೂ ಹೊಣೆ ಹೊರುವ ಕೈ. ಕನ್ನಡದಲ್ಲಿ 2003ರಿಂದ ನಡೆದುಬಂದಿರುವ ವಿಕಿಪೀಡಿಯ ಇದಕ್ಕೆ ಎದುರಾದ ನಿದರ್ಶನ: ಅಲ್ಲಿಯ ಬರಹ ಯಾರು ಬೇಕಾದರೂ ನಕಲಿಸಬಹುದಾದ ಮುಕ್ತ ಪರವಾನಗಿಯಲ್ಲಿದ್ದು, ಅದರ ಸಂಪೂರ್ಣ ಪ್ರತಿಯನ್ನು ಯಾರಾದರೂ ಇಳಿಸಿಕೊಳ್ಳಬಹುದಾದ್ದರಿಂದ, ನಡೆಸುವ ಸಂಸ್ಥೆ ನಾಳೆ ಇಲ್ಲವಾದರೂ ಕನ್ನಡಿಗರ ಕೆಲಸ ಅಳಿಯುವುದಿಲ್ಲ.

ಕರ್ನಾಟಕದಲ್ಲಿ ಈ ಹೊಣೆಗೆ ತಕ್ಕ ಸಂಸ್ಥೆಗಳು ಇಲ್ಲವೆನ್ನುವಂತಿಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ತಾಲ್ಲೂಕು, ಹೋಬಳಿಗಳವರೆಗೆ ಘಟಕಗಳಿವೆ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಕಂಪ್ಯೂಟರುಗಳನ್ನೂ ಪಡೆಯುತ್ತಿವೆ. ಇವುಗಳಲ್ಲಿ ಒಂದಾದರೂ ಕನ್ನಡದ ಹೆಸರಿನ ಶಾಶ್ವತ ಜಾಲವಿಳಾಸವೊಂದನ್ನು ಕೊಂಡು, ಮುಕ್ತ ಒಡಂಬಡಿಕೆಯ ಸರ್ವರೊಂದನ್ನು ಸ್ಥಾಪಿಸಿ, ಯಾರು ಬೇಕಾದರೂ ಬರಬಹುದು, ಬೇಕೆಂದಾಗ ತಮ್ಮದೆಲ್ಲವನ್ನೂ ತೆಗೆದುಕೊಂಡು ಹೋಗಬಹುದು ಎಂಬ ಲಿಖಿತ ಭರವಸೆಯೊಡನೆ ನಡೆಸಬಹುದಾಗಿದೆ. ಖಾಸಗಿ ಸಂದೇಶಗಳನ್ನು ಯಾರು ನೋಡಬಲ್ಲರು, ಪ್ರತಿಗಳನ್ನು ಎಲ್ಲಿ ಇಡಲಾಗುತ್ತದೆ, ಪೊಲೀಸರು ಕೇಳಿದರೆ ಏನು ಮಾಡಲಾಗುತ್ತದೆ, ಮುಚ್ಚುವುದಾದರೆ ಎಷ್ಟು ತಿಂಗಳ ಮುನ್ಸೂಚನೆ ಕೊಡಲಾಗುತ್ತದೆ ಎಂಬುದನ್ನು ಮೊದಲ ದಿನವೇ ಕನ್ನಡದಲ್ಲಿ ಬರೆದು ಪ್ರಕಟಿಸಬೇಕು. ಸ್ವಯಂಸೇವಕರ ಉತ್ಸಾಹ ಕೆಲವು ವರ್ಷ ಬರುತ್ತದೆ, ಆಮೇಲೆ ಬಾಡಿಗೆ ಕಟ್ಟಲು ಹಣ ಬೇಕಾಗುತ್ತದೆ. ಮುಚ್ಚಿಹೋದ ಸರ್ವರುಗಳಲ್ಲಿ ಹಲವಕ್ಕೆ ನಿರ್ವಾಹಕರ ಆಯಾಸವೇ ಮುಳುವಾದದ್ದು. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ವರ್ಷವರ್ಷವೂ ಕೆಲಸ ನಡೆಸುವ ದತ್ತಿಯ ಪದ್ಧತಿ ಇಂಥ ಅಗತ್ಯಕ್ಕೆ ಸರಿಯಾಗಿ ಒದಗುತ್ತದೆ. ಹಿರಿಯರ ನೆನಪಿಗೆ ಉಪನ್ಯಾಸಕ್ಕೂ ಪುಸ್ತಕ ಬಹುಮಾನಕ್ಕೂ ದತ್ತಿ ಇಡುವ ಸಾತನೂರು, ಕನಕಪುರ, ಚನ್ನಪಟ್ಟಣ, ಮಾಗಡಿಯ ಮಹನೀಯರು ಮುಂದಿನ ಒಂದು ದತ್ತಿಯನ್ನು ಕನ್ನಡದ ಸರ್ವರೊಂದರ ನಿರ್ವಹಣೆಗೆ ಮೀಸಲಿಡಬೇಕು, ಪರಿಷತ್ತಿನ ತಾಲ್ಲೂಕು ಘಟಕಗಳು ಅದನ್ನು ಸ್ವೀಕರಿಸಲು ಮುಂದೆ ಬರಬೇಕು.